ಮೇಲಿನ ಮನೆಯ ಸದ್ದು, ಕೆಳಗಿನ ಮನೆಯ ಚೀಟಿ

ಮಕ್ಕಳು ಓದಲೆಂದು ವಿದೇಶಕ್ಕೆ ಹೊರಟಾಗ ವೀಸಾ, ಶುಲ್ಕ, ಚಳಿಗಾಲದ ಕೋಟು, ಉಪ್ಪಿನಕಾಯಿ ಎಲ್ಲದರ ಬಗ್ಗೆಯೂ ಯೋಚಿಸುತ್ತೇವೆ. ನೆರೆಮನೆಯ ಸದ್ದಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಓದು ಕೆಡುವುದು ಕೆಲವೊಮ್ಮೆ ಅಲ್ಲಿಯೇ.

"ಮಾವ, ಹನ್ನೊಂದು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಪುಸ್ತಕ ತೆಗೆದರೆ ಅಕ್ಷರ ಕುಣಿಯುತ್ತವೆ."

2024ರ ಜನವರಿಯ ಒಂದು ಬೆಳಿಗ್ಗೆ ನನ್ನ ತಂಗಿಯ ಮಗ ಫೋನಿನಲ್ಲಿ ಹೇಳಿದ ಮಾತಿದು. ಇಲ್ಲಿ ಶಿವಮೊಗ್ಗದಲ್ಲಿ ಆಗ ಆರು ಗಂಟೆ. ಅವನಿದ್ದ ಜರ್ಮನಿಯ ಆಖೆನ್ ನಗರದಲ್ಲಿ ನಡುರಾತ್ರಿ ಒಂದೂವರೆ. ಅವನ ಮಾತಿನ ಹಿಂದೆ ಧಡ್ ಧಡ್ ಎಂಬ ಸದ್ದು ನನಗೂ ಕೇಳಿಸುತ್ತಿತ್ತು. "ಅದೇ ನೋಡಿ ಮಾವ, ಮೇಲಿನ ಮನೆಯವನು. ರಾತ್ರಿ ಹನ್ನೆರಡೂವರೆಗೆ ಶುರುವಾದರೆ ಮೂರು ಗಂಟೆಯವರೆಗೂ ಹೀಗೇ" ಎಂದ.

ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಮೇಲಿನ ಓದಿಗೆಂದು 2023ರ ಅಕ್ಟೋಬರಿನಲ್ಲಿ ಹೋಗಿದ್ದ. ಅಪ್ಪ ನಿವೇಶನದ ಮೇಲೆ ಸಾಲ ಮಾಡಿ ಕಳಿಸಿದ್ದರು. ಬೆಲ್ಜಿಯಂ, ನೆದರ್ಲೆಂಡ್ಸ್ ಗಡಿಗಳಿಗೆ ಅಂಟಿಕೊಂಡಿರುವ ಆಖೆನ್ ಊರು ತಾಂತ್ರಿಕ ಶಿಕ್ಷಣಕ್ಕೆ ಹೆಸರಾದದ್ದು. ವಿದ್ಯಾರ್ಥಿಗಳು ಹೆಚ್ಚು, ಕೋಣೆಗಳು ಕಡಿಮೆ. ಅಂತೂ ಅಲೆದಾಡಿ ನಾಲ್ಕಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ ಕೋಣೆ ಹಿಡಿದಿದ್ದ. ಆ ಕಟ್ಟಡದ ಅಂತಸ್ತುಗಳ ನಡುವೆ ಇದ್ದದ್ದು ಕಾಂಕ್ರೀಟ್ ತಾರಸಿಯಲ್ಲ. ಮರದ ತೊಲೆಗಳ ಮೇಲೆ ಹಲಗೆ ಹಾಸಿದ ನೆಲ.

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಣ್ಣ ಸಭೆಯೇ ಸೇರಿತು. ನಾನು, "ಪರದೇಶ, ಹೊಂದಿಕೊಂಡು ಹೋಗಪ್ಪ" ಎಂದೆ. ಭಾವನವರು, "ಅಲ್ಲಿ ಕಾನೂನು ಬಹಳ ಬಿಗಿಯಂತೆ, ಪೊಲೀಸರಿಗೆ ಫೋನ್ ಮಾಡು" ಎಂದರು. ತಂಗಿ, "ಅಂಥ ಮನೆಯಲ್ಲಿ ಯಾಕಿರಬೇಕು, ಬೇರೆ ಮನೆ ನೋಡು" ಎಂದಳು. ಮೂರು ಸಲಹೆಗಳೂ ನೆಟ್ಟಗಿರಲಿಲ್ಲ ಎಂದು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು. ನಮ್ಮಂತೆಯೇ ಮಕ್ಕಳನ್ನು ದೂರ ಕಳಿಸಿರುವ, ಕಳಿಸಲಿರುವ ಇತರರಿಗೆ ಉಪಯೋಗವಾಗಲಿ ಎಂದು ಆ ಎರಡು ತಿಂಗಳ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಬಿಡುವುದು ಸುಲಭವಲ್ಲ

ಮೊದಲು ತಂಗಿಯ ಸಲಹೆಯನ್ನೇ ನೋಡೋಣ. ಜರ್ಮನಿಯಲ್ಲಿ ಅವಧಿ ಗೊತ್ತುಪಡಿಸದ ಸಾಮಾನ್ಯ ಬಾಡಿಗೆ ಕರಾರಿದ್ದರೆ, ಮನೆ ಬಿಡಲು ಬಾಡಿಗೆದಾರ ಮೂರು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು. ನೀರು, ಬಿಸಿ ವ್ಯವಸ್ಥೆಯ ಖರ್ಚು ಬಿಟ್ಟು ಉಳಿಯುವ ಮೂಲ ಬಾಡಿಗೆಯ ಮೂರು ಪಟ್ಟಿನವರೆಗೆ ಮುಂಗಡ ಪಡೆಯಲು ಮಾಲೀಕನಿಗೆ ಅವಕಾಶವಿದೆ. ಹಳೆಯ ಮುಂಗಡ ಕೈಗೆ ಬರುವ ಮೊದಲೇ ಹೊಸ ಮುಂಗಡ ಕಟ್ಟಬೇಕಾಗಬಹುದು. ವಿಳಾಸ ಬದಲಾದರೆ ನಗರಾಡಳಿತದ ಕಚೇರಿಯಲ್ಲಿ ಮತ್ತೆ ನೋಂದಣಿ ಮಾಡಿಸಬೇಕು.

ಇನ್ನು ಹಣ. ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ಮೊದಲೇ ವಿಶೇಷ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. ನಮ್ಮ ಹುಡುಗ ಹೊರಟ 2023ರಲ್ಲಿ ಆ ಮೊತ್ತ 11,208 ಯೂರೋ ಇತ್ತು. 2024ರ ಸೆಪ್ಟೆಂಬರಿನಿಂದ ಅದನ್ನು 11,904 ಯೂರೋಗೆ ಏರಿಸಿದರು. ಆ ಖಾತೆಯಿಂದ ತಿಂಗಳಿಗೆ ಇಷ್ಟೇ ಎಂದು ಹನ್ನೆರಡು ಕಂತುಗಳಲ್ಲಿ ಹಣ ಕೈಗೆ ಬರುತ್ತದೆ. ಅದರಲ್ಲಿ ಎರಡು ಮನೆಗಳ ಮುಂಗಡ ಹೊಂದಿಸುವುದು ಆಗದ ಮಾತು.

ಇದಕ್ಕಿಂತ ದೊಡ್ಡದು ಪರೀಕ್ಷೆಯ ಭಯ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯದ ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ನಪಾಸಾದರೆ ಆ ಕೋರ್ಸಿನಿಂದಲೇ ಹೊರಗೆ. ನಮ್ಮಲ್ಲಿಯ ಹಾಗೆ 'ಮುಂದಿನ ಸಲ ಕಟ್ಟಿದರಾಯಿತು' ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಚಳಿಗಾಲದ ಸೆಮಿಸ್ಟರಿನ ಪರೀಕ್ಷೆಗಳು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬರುತ್ತವೆ. ಅದಕ್ಕೆ ನಾಲ್ಕೇ ವಾರ ಇರುವಾಗ ಹುಡುಗನ ನಿದ್ದೆ ಹೋಗಿತ್ತು.

ಸದ್ದಿಗೂ ಒಂದು ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬೆಲ್ ಎಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಈ ಮಾನದ ಸ್ವಭಾವ ವಿಚಿತ್ರವಾದದ್ದು. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ನಮ್ಮ ಕಿವಿಗೆ ಮಾತ್ರ ಅದು ಸುಮಾರು ಎರಡು ಪಟ್ಟು ಜೋರಾದಂತೆ ಕೇಳುತ್ತದೆ. ಪಿಸುಮಾತು 30 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ, ಎದುರುಬದುರು ಕುಳಿತು ಆಡುವ ಮಾತು 60ರ ಆಸುಪಾಸು. ಮಲಗುವ ಕೋಣೆಯಲ್ಲಿ ಒಂದೇ ಸಮನೆ ಇರುವ ಸದ್ದು 30 ಡೆಸಿಬೆಲ್ ಮೀರಬಾರದು, ನಡುನಡುವೆ ಏಳುವ ಸದ್ದು 45ನ್ನು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ.

ನೆರೆಮನೆಯ ಸದ್ದು ನಮ್ಮನ್ನು ತಲುಪುವ ದಾರಿಗಳು ಎರಡು. ಹಾಡು, ಮಾತು, ಟಿ.ವಿ.ಯ ಸದ್ದು ಗಾಳಿಯ ಮೂಲಕ ಬಂದು ಗೋಡೆ, ಕಿಟಕಿ, ಬಾಗಿಲ ಸಂದುಗಳಿಂದ ನುಸುಳುತ್ತವೆ. ನಡೆಯುವ ಹೆಜ್ಜೆ, ಎಳೆಯುವ ಕುರ್ಚಿ, ಬಟ್ಟೆ ಒಗೆಯುವ ಯಂತ್ರದ ನಡುಕ ಹಾಗಲ್ಲ; ಅವು ಕಟ್ಟಡದ ಮೈಯನ್ನೇ ಹಿಡಿದು ಹರಿಯುತ್ತವೆ. ಮೊದಲನೆಯದಕ್ಕೆ ಕಿವಿಯಲ್ಲಿ ಮೇಣದ ಬಿರಡೆ ಇಟ್ಟುಕೊಂಡರೆ ಬಹುಪಾಲು ಕಡಿಮೆಯಾಗುತ್ತದೆ. ಎರಡನೆಯದರ ಗುಮ್ಮೆನ್ನುವ ಸದ್ದಿಗೆ ಬಿರಡೆ ಅಷ್ಟಾಗಿ ಬಗ್ಗುವುದಿಲ್ಲ. ಅದನ್ನು ತಡೆಯುವುದಾದರೆ ಹುಟ್ಟುವಲ್ಲಿಯೇ, ಅಂದರೆ ಮೇಲಿನವನ ನೆಲದಲ್ಲಿಯೇ ತಡೆಯಬೇಕು.

ಈ ಮಾತು ಎಂಜಿನಿಯರಿಂಗ್ ಓದಿದ ಹುಡುಗನಿಗೆ ಗೊತ್ತಿರದ್ದೇನಲ್ಲ. ಆದರೆ ನಿದ್ದೆಗೆಟ್ಟ ತಲೆಗೆ ಓದಿದ್ದು ಹೊತ್ತಿಗೆ ಒದಗುವುದಿಲ್ಲ. ಅವನು ಮಾಡಿದ್ದೇನು? ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟಿದ. ಮೇಲಿನವನಿಗೆ ಅದು ಕೇಳಿಸಿತೋ ಇಲ್ಲವೋ, ಸೂರಿನ ಸುಣ್ಣ ಮಾತ್ರ ಇವನ ಹಾಸಿಗೆಯ ಮೇಲೆ ಉದುರಿತು.

ಮೌನಕ್ಕೂ ವೇಳಾಪಟ್ಟಿ

ಭಾವನವರು ಹೇಳಿದಂತೆ ಜರ್ಮನಿಯಲ್ಲಿ ಸದ್ದಿನ ಬಗ್ಗೆ ಕಾನೂನು ಇರುವುದು ನಿಜ. ಅಲ್ಲಿ ಮೌನದ ವೇಳೆಗೆ 'ರೂಹೆತ್ಸೈಟ್' ಎಂಬ ಪ್ರತ್ಯೇಕ ಪದವೇ ಇದೆ. ಆಖೆನ್ ಇರುವ ನಾರ್ಡ್‌ರೈನ್ ವೆಸ್ಟ್‌ಫಾಲೆನ್ ರಾಜ್ಯದ ಕಾನೂನಿನ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇತರರ ವಿಶ್ರಾಂತಿ ಕೆಡಿಸುವ ಚಟುವಟಿಕೆ ನಡೆಸುವಂತಿಲ್ಲ. ಹಲವು ಕಟ್ಟಡಗಳ ನಿಯಮಾವಳಿಯಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೂ ಮೌನದ ವೇಳೆ ಇರುತ್ತದೆ. ಇದು ದೇಶಕ್ಕೆಲ್ಲ ಅನ್ವಯವಾಗುವ ಕಾನೂನಲ್ಲ. ಆದರೆ ಬಾಡಿಗೆ ಕರಾರಿನ ಭಾಗವಾಗಿದ್ದರೆ ಪಾಲಿಸಲೇಬೇಕು.

ಭಾನುವಾರವಂತೂ ಪೂರ್ತಿ ವಿಶ್ರಾಂತಿಯ ದಿನ. 1919ರ ವೈಮಾರ್ ಸಂವಿಧಾನ ಭಾನುವಾರಕ್ಕೆ ಕೊಟ್ಟಿದ್ದ ರಕ್ಷಣೆಯನ್ನು 1949ರ ಜರ್ಮನ್ ಸಂವಿಧಾನ ಹಾಗೆಯೇ ಉಳಿಸಿಕೊಂಡಿದೆ. ವಸತಿ ಪ್ರದೇಶಗಳಲ್ಲಿ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಉಳಿದ ದಿನಗಳಲ್ಲಿಯೂ ರಾತ್ರಿ ಎಂಟರಿಂದ ಬೆಳಗಿನ ಏಳರವರೆಗೆ ನಿಷೇಧ. ಖಾಲಿ ಗಾಜಿನ ಬಾಟಲಿ ಹಾಕಲು ಬೀದಿ ಬದಿಯಲ್ಲಿರುವ ದೊಡ್ಡ ಡಬ್ಬಗಳ ಮೇಲೂ ಇಂತಿಷ್ಟು ಗಂಟೆಯೊಳಗೆ ಹಾಕಿ ಎಂದು ಬರೆದಿರುತ್ತದೆ. ಬಾಟಲಿ ಒಡೆಯುವ ಸದ್ದು ಅಕ್ಕಪಕ್ಕದವರಿಗೆ ಕೇಳಬಾರದಲ್ಲ! ಕಾರಣವಿಲ್ಲದೆ ಸದ್ದು ಮಾಡಿ ನೆರೆಯವರಿಗೆ ತೀವ್ರ ತೊಂದರೆ ಕೊಟ್ಟವರಿಗೆ 5,000 ಯೂರೋವರೆಗೆ ದಂಡ ಹಾಕಲು ಅವಕಾಶವಿದೆ.

ಹಾಗೆಂದು ನಮ್ಮಲ್ಲಿ ಕಾನೂನಿಲ್ಲವೆಂದು ತಿಳಿಯಬೇಡಿ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಭಾರತದ ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಇಲ್ಲಿಯೂ ಹತ್ತರಿಂದ ಆರು ಗಂಟೆಯೇ. ಜರ್ಮನಿಯಲ್ಲಿ ಸಾಮಾನ್ಯ ವಸತಿ ಪ್ರದೇಶಕ್ಕೆ ತಾಗುವ ಉದ್ದಿಮೆಗಳ ಸದ್ದಿಗೆ ಹಗಲು 55, ರಾತ್ರಿ 40. ಕಾಗದದ ಮೇಲೆ ಅಂತರ ಐದೇ ಡೆಸಿಬೆಲ್. ನಿಜವಾದ ಅಂತರ ಇರುವುದು ರೂಢಿಯಲ್ಲಿ. ಆರ್ಕೆಸ್ಟ್ರಾ, ಲೌಡ್‌ಸ್ಪೀಕರ್, ವಾಲಗಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಹತ್ತು ಗಂಟೆಯಾದ ಮೇಲೆ ಇಡೀ ಬೀದಿ ಸ್ತಬ್ಧವಾಗುವುದೇ ಮೊದಲು ಆಶ್ಚರ್ಯ. ಆ ಸ್ತಬ್ಧತೆಯಲ್ಲಿ ಒಂದು ಹೆಜ್ಜೆಯ ಸದ್ದೂ ಡೊಳ್ಳು ಬಾರಿಸಿದಂತೆ ಕೇಳುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ.

ವಿನಾಯಿತಿಗಳೂ ಇವೆ. ಹೊಸ ವರ್ಷದ ರಾತ್ರಿ ಇಡೀ ದೇಶ ಪಟಾಕಿ ಹೊಡೆಯುತ್ತದೆ. ರೈನ್ ಸೀಮೆಯ ಊರುಗಳಲ್ಲಿ ಚಳಿಗಾಲದ ಕೊನೆಗೆ ಬರುವ ಕಾರ್ನಿವಲ್ ಹಬ್ಬದ ದಿನಗಳಲ್ಲಿ ಬೀದಿ ತುಂಬ ವೇಷ, ವಾದ್ಯ, ಮೆರವಣಿಗೆ. ನಮ್ಮ ಗಣೇಶನ ಹಬ್ಬವನ್ನು ನೆನಪಿಸುವಂಥದ್ದು. ಮಕ್ಕಳ ಸದ್ದಿಗೂ ವಿಶೇಷ ರಿಯಾಯಿತಿ. ಶಿಶುವಿಹಾರ, ಆಟದ ಮೈದಾನಗಳಲ್ಲಿ ಮಕ್ಕಳು ಮಾಡುವ ಗಲಾಟೆಯನ್ನು ಸಾಮಾನ್ಯವಾಗಿ ಹಾನಿಕರ ಸದ್ದೆಂದು ಎಣಿಸುವಂತಿಲ್ಲ ಎಂದು 2011ರಲ್ಲಿ ಕಾನೂನನ್ನೇ ತಿದ್ದಿದರು. ಓದುವ ಮಕ್ಕಳ ತಂದೆತಾಯಿಯರು ಮೆಚ್ಚಬೇಕಾದ ತಿದ್ದುಪಡಿ.

ಹರಡಿರುವ ಕಟ್ಟುಕಥೆಗಳು

ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ನಡುವೆ ಈ ವಿಷಯದಲ್ಲಿ ಎಷ್ಟೋ ಕಥೆಗಳು ಓಡಾಡುತ್ತವೆ. 'ತಿಂಗಳಿಗೆ ಒಂದು ಸಲ ಜೋರಾಗಿ ಪಾರ್ಟಿ ಮಾಡಲು ಕಾನೂನಿನಲ್ಲೇ ಹಕ್ಕಿದೆ' ಎಂಬುದು ಒಂದು. ಅಂಥ ಹಕ್ಕೇನೂ ಇಲ್ಲ. ಮೊದಲೇ ನೆರೆಯವರಿಗೆ ಹೇಳಿ, ಬಾಗಿಲಿಗೆ ಚೀಟಿ ಅಂಟಿಸಿದರೆ ಅವರು ಸಹಿಸಿಕೊಳ್ಳಬಹುದು. ಅದು ಅವರ ಒಳ್ಳೆಯತನ. 'ರಾತ್ರಿ ಹತ್ತರ ಮೇಲೆ ಸ್ನಾನ ಮಾಡಿದರೆ ಪೊಲೀಸರು ಬರುತ್ತಾರೆ' ಎಂಬುದು ಇನ್ನೊಂದು. ಸ್ನಾನ, ಶೌಚಗಳು ಮನೆಯ ಸಹಜ ಬಳಕೆ ಎಂದೇ ಅಲ್ಲಿನ ನ್ಯಾಯಾಲಯಗಳು ಕಂಡಿವೆ. 'ಪೊಲೀಸರಿಗೆ ಫೋನ್ ಮಾಡಿದರೆ ಎಲ್ಲ ಮುಗಿಯಿತು' ಎಂಬುದು ಮೂರನೆಯದು. ಪೊಲೀಸರು ಬಂದು ಆ ಹೊತ್ತಿನ ಗಲಾಟೆ ನಿಲ್ಲಿಸಬಹುದು. ಆದರೆ ದಿನವೂ ಮೆಟ್ಟಿಲಲ್ಲಿ ಎದುರಾಗುವ ಮನುಷ್ಯನ ಜೊತೆ ಮಾತು ಮುರಿಯುತ್ತದೆ. ನಡೆದಾಡುವ ಹೆಜ್ಜೆಯ ಸದ್ದಿಗೆ ಪೊಲೀಸರು ಏನು ತಾನೆ ಮಾಡಿಯಾರು?

ಸಿಟ್ಟು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಆ ದೇಶದ್ದೇ ಒಂದು ಉದಾಹರಣೆ ಇದೆ. ತತ್ವಜ್ಞಾನಿ ಆರ್ಥರ್ ಶೋಪೆನ್‌ಹಾವರ್‌ಗೆ ಸದ್ದೆಂದರೆ ಆಗುತ್ತಿರಲಿಲ್ಲ. ಬೀದಿಯಲ್ಲಿ ಗಾಡಿಯವರು ಚಾವಟಿ ಬೀಸುವ ಸದ್ದು ಯೋಚನೆಯನ್ನೇ ಕೊಲ್ಲುತ್ತದೆಂದು 1851ರಲ್ಲಿ ಬಂದ ಪುಸ್ತಕದಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾನೆ. ಅದಕ್ಕೂ ಮೂವತ್ತು ವರ್ಷ ಹಿಂದೆ, 1821ರಲ್ಲಿ, ಬರ್ಲಿನ್ನಿನ ಬಾಡಿಗೆ ಮನೆಯಲ್ಲಿ ತನ್ನ ಕೋಣೆಯ ಮುಂದೆ ಮಾತಾಡುತ್ತ ನಿಂತಿದ್ದ ಹೊಲಿಗೆ ಕೆಲಸದ ನೆರೆಯಾಕೆಯನ್ನು ಸಿಟ್ಟಿನಲ್ಲಿ ಹೊರದಬ್ಬಿದ. ಆಕೆ ಬಿದ್ದು ಗಾಯಗೊಂಡು ಕೋರ್ಟಿಗೆ ಹೋದಳು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಕೊನೆಗೆ ಸೋತ ತತ್ವಜ್ಞಾನಿ ಆಕೆ ಬದುಕಿರುವಷ್ಟು ಕಾಲವೂ ಮೂರು ತಿಂಗಳಿಗೊಮ್ಮೆ 15 ಥೇಲರ್ ತೆರಬೇಕಾಯಿತು. ಘಟನೆ ನಡೆದ ಮೇಲೆ ಆಕೆ ಸುಮಾರು ಇಪ್ಪತ್ತು ವರ್ಷ ಬದುಕಿದ್ದಳು! ಕೋಪದಲ್ಲಿ ಕುಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ದಿನಚರಿಯ ಪುಸ್ತಕ

ನಮ್ಮ ಹುಡುಗನನ್ನು ದಾರಿಗೆ ತಂದದ್ದು ಅವನ ತರಗತಿಯ ಒಬ್ಬ ಜರ್ಮನ್ ಗೆಳೆಯ. "ಮೊದಲು ಎರಡು ವಾರ ಬರೆದಿಡು" ಎಂದನಂತೆ. ಜರ್ಮನಿಯಲ್ಲಿ ಇದಕ್ಕೆ 'ಲೆರ್ಮ್‌ಪ್ರೊಟೊಕೋಲ್' ಎನ್ನುತ್ತಾರೆ. ಸದ್ದಿನ ದಿನಚರಿ ಎನ್ನಬಹುದು. ತಾರೀಖು, ಶುರುವಾದ ಗಂಟೆ, ನಿಂತ ಗಂಟೆ, ಯಾವ ಬಗೆಯ ಸದ್ದು, ಜೊತೆಯಲ್ಲಿ ಕೇಳಿದವರು ಯಾರು, ಇಷ್ಟನ್ನು ಸಿಟ್ಟಿನ ಮಾತಿಲ್ಲದೆ ಬರೆಯಬೇಕು. ಮುಂದೆ ಮನೆಯ ಮಾಲೀಕನಿಗೆ ದೂರು ಕೊಡಬೇಕಾದರೂ, ಬಾಡಿಗೆದಾರರ ಸಂಘದ ನೆರವು ಕೇಳಬೇಕಾದರೂ ಇದೇ ಆಧಾರ. ವಾಸಕ್ಕೆ ಯೋಗ್ಯವಾದ ಸ್ಥಿತಿಯಲ್ಲಿ ಮನೆಯನ್ನು ಇಡುವುದು ಅಲ್ಲಿ ಮಾಲೀಕನ ಹೊಣೆ. ಸದ್ದಿನಿಂದ ಮನೆಯ ಉಪಯೋಗಕ್ಕೆ ಗಣನೀಯ ಧಕ್ಕೆಯಾದರೆ ಬಾಡಿಗೆ ಕಡಿತಕ್ಕೂ ಕಾನೂನಿನಲ್ಲಿ ದಾರಿಯಿದೆ. ಆದರೆ ತಿಳಿದವರ ಸಲಹೆಯಿಲ್ಲದೆ ತಾನಾಗಿಯೇ ಬಾಡಿಗೆ ಹಿಡಿದರೆ ಮನೆ ಬಿಡಿಸುವ ನೋಟಿಸ್ ಬರುವ ಅಪಾಯವೂ ಉಂಟು.

ಹುಡುಗ ಬರೆಯತೊಡಗಿದ. ಬರೆಯುತ್ತ ಹೋದಂತೆ ಒಂದು ಸಂಗತಿ ಅವನಿಗೇ ಕಂಡಿತು. ಸೋಮವಾರ ಮತ್ತು ಮಂಗಳವಾರ ಸದ್ದೇ ಇಲ್ಲ. ಉಳಿದ ಐದೂ ದಿನ ರಾತ್ರಿ ಹನ್ನೆರಡೂವರೆಗೆ, ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಶುರು. ಬೇಕೆಂದೇ ಗಲಾಟೆ ಮಾಡುವವನು ಇಷ್ಟು ಕಟ್ಟುನಿಟ್ಟಾಗಿ ಮಾಡುತ್ತಾನೆಯೇ? ಇದು ಕೆಲಸದಿಂದ ಮನೆಗೆ ಬರುವವನ ಸದ್ದು.

ಒಂದು ಚೀಟಿ ಬರೆದು ಮೇಲಿನ ಮನೆಯ ಬಾಗಿಲಿಗೆ ಅಂಟಿಸಿದ. 'ನಾನು ನಿಮ್ಮ ಕೆಳಗಿನ ಮನೆಯ ವಿದ್ಯಾರ್ಥಿ. ಪರೀಕ್ಷೆ ಹತ್ತಿರ ಬಂದಿದೆ. ರಾತ್ರಿಯ ಸದ್ದಿನ ಬಗ್ಗೆ ಐದು ನಿಮಿಷ ಮಾತಾಡಬಹುದೇ?' ಎಂದಷ್ಟೇ ಬರೆದಿದ್ದ. ಕೆಳಗೆ ಹೆಸರು, ಫೋನ್ ನಂಬರು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಸಂಜೆ ಕಾಲೇಜಿನಿಂದ ಬಂದಾಗ ಅವನ ಬಾಗಿಲಿಗೆ ಒಂದು ಚೀಟಿ ಅಂಟಿತ್ತು.

ಕೆಳಗಿನ ಮನೆಯಾಕೆ

ಮೇಲಿನವನ ಉತ್ತರವೆಂದುಕೊಂಡು ಬಿಡಿಸಿ ನೋಡಿದ. ಅದು ಕೆಳಗಿನ ಮನೆಯ ಅಜ್ಜಿ ಬರೆದದ್ದು! ಅಚ್ಚುಕಟ್ಟಾದ ಹಳೆಯ ಕಾಲದ ಕೈಬರಹ. ನಿಘಂಟು ಹಿಡಿದು ಓದಲು ಅರ್ಧ ಗಂಟೆ ಹಿಡಿಯಿತಂತೆ. ಅದರ ಸಾರಾಂಶ ಇಷ್ಟು: ನಿಮಗೆ ಹೇಳಲು ಸಂಕೋಚವಾಗುತ್ತದೆ. ವಾರದಲ್ಲಿ ಹಲವು ದಿನ ರಾತ್ರಿ ಹತ್ತೂವರೆಗೆ ನಿಮ್ಮ ಮನೆಯಲ್ಲಿ ಯಾವುದೋ ಯಂತ್ರ ಜೋರಾಗಿ ತಿರುಗುತ್ತದೆ. ಆಮೇಲೆ ಸೀಟಿ ಹೊಡೆಯುತ್ತದೆ. ರಾತ್ರಿ ಒಂದು ಗಂಟೆಗೆ ಯಾರೋ ಗಟ್ಟಿಯಾಗಿ ಮಾತಾಡುತ್ತಾರೆ. ಒಮ್ಮೆ ಎಚ್ಚರವಾದರೆ ನನಗೆ ಮತ್ತೆ ನಿದ್ದೆ ಬರುವುದಿಲ್ಲ. ದಯವಿಟ್ಟು ಗಮನಿಸುವಿರಾ?

ಯಂತ್ರ ಯಾವುದೆಂದು ಓದುಗರಿಗೆ ಹೇಳಬೇಕಾಗಿಲ್ಲ. ತಂಗಿ ಇಲ್ಲಿಂದ ಹೊರಿಸಿ ಕಳಿಸಿದ ಮಿಕ್ಸಿ. ಸೀಟಿ ಕುಕ್ಕರಿನದು. ಲ್ಯಾಬಿನಿಂದ ತಡವಾಗಿ ಬಂದು ಚಟ್ನಿ ರುಬ್ಬಿ, ಅನ್ನ ಸಾರು ಮಾಡಿ ಉಣ್ಣುವ ಹೊತ್ತು ಅದು. ಮಿಕ್ಸಿಯನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟು ತಿರುಗಿಸಿದಾಗ ಅದರ ನಡುಕ ಗೋಡೆ ಹಿಡಿದು ಕೆಳಗಿಳಿಯುತ್ತಿತ್ತು. ಮೇಲಿನವನ ಹೆಜ್ಜೆ ಇವನಿಗೆ ಹೇಗೋ, ಇವನ ಮಿಕ್ಸಿ ಅಜ್ಜಿಗೆ ಹಾಗೆ.

ಇನ್ನು ರಾತ್ರಿ ಒಂದು ಗಂಟೆಯ ಮಾತು? ಹುಡುಗ ತನ್ನ ಸದ್ದಿನ ದಿನಚರಿಯ ಪಕ್ಕದಲ್ಲಿ ಫೋನಿನ ಕರೆಗಳ ಪಟ್ಟಿಯನ್ನಿಟ್ಟು ನೋಡಿದ. ಹನ್ನೆರಡೂವರೆಗೆ ಮೇಲಿನವನ ಸದ್ದು ಶುರು. ಒಂದು ಗಂಟೆಗೆ 'ಅಮ್ಮ'. ದಿನವೂ ಹಾಗೆಯೇ.

ಅದನ್ನು ಅವನು ಹೇಳಿದಾಗ ಇಲ್ಲಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನನ್ನ ತಂಗಿ ಬೆಳಗಿನ ಜಾವ ಐದಕ್ಕೆ ಏಳುವವಳು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕಾಫಿ ಲೋಟ ಹಿಡಿದು ಐದೂವರೆಗೆ ಮಗನಿಗೆ ಫೋನ್ ಮಾಡುವುದು ಅವಳ ದಿನದ ಮೊದಲ ಕೆಲಸ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ನಮ್ಮ ಐದೂವರೆ ಎಂದರೆ ಅವನಿಗೆ ರಾತ್ರಿ ಒಂದು ಗಂಟೆ. "ಹೇಗೂ ಸದ್ದಿಗೆ ಎದ್ದೇ ಇರುತ್ತಾನಲ್ಲ" ಎಂಬ ಧೈರ್ಯ ಅವಳಿಗೆ. ಇವನೋ ಫೋನನ್ನು ಸ್ಪೀಕರಿಗೆ ಹಾಕಿ ಮಲಗಿಕೊಂಡೇ ಮಾತಾಡುತ್ತಿದ್ದ. ಭಾವನವರದು ಟ್ರಂಕ್ ಕಾಲ್ ಕಾಲದ ಅಭ್ಯಾಸ; ದೂರದ ಊರಾದಷ್ಟೂ ದನಿ ಏರಿಸುತ್ತಾರೆ. ಅಜ್ಜಿಯ ನಿದ್ದೆಯನ್ನು ನಾವು ಶಿವಮೊಗ್ಗದಲ್ಲಿ ಕುಳಿತು ಕೆಡಿಸುತ್ತಿದ್ದೆವು.

ಬಾಗಿಲು ತಟ್ಟಿದ ಮೇಲೆ

ಮರುದಿನ ಹುಡುಗ ಕೆಳಗಿಳಿದು ಹೋಗಿ ಅಜ್ಜಿಯಲ್ಲಿ ಕ್ಷಮೆ ಕೇಳಿದ. ಮಿಕ್ಸಿಯ ಅಡಿಗೆ ಮಡಿಸಿದ ದಪ್ಪ ಟವೆಲು ಬಂತು. ಚಟ್ನಿ, ಮಸಾಲೆ ರುಬ್ಬುವ ಕೆಲಸ ಶನಿವಾರ ಹಗಲಿಗೆ ಹೋಯಿತು. ಭಾನುವಾರಕ್ಕೆ ಹಾಕಿಕೊಳ್ಳುವಂತಿಲ್ಲವಲ್ಲ! ಅನ್ನವನ್ನು ಕುಕ್ಕರು ಬಿಟ್ಟು ಪಾತ್ರೆಯಲ್ಲಿ ಬಸಿಯಲು ಕಲಿತ. ಅಜ್ಜಿ ಕುಕ್ಕರಿನ ಸೀಟಿಯ ಕಾರಣ ಕೇಳಿ ನಕ್ಕರಂತೆ. ಯಾವುದೋ ಎಚ್ಚರಿಕೆಯ ಗಂಟೆ ಇರಬೇಕೆಂದು ಅಷ್ಟು ದಿನ ಹೆದರಿದ್ದರಂತೆ.

ಮೇಲಿನ ಮನೆಯ ಬಾಗಿಲನ್ನು ಒಂದು ಸೋಮವಾರ ಮಧ್ಯಾಹ್ನ ತಟ್ಟಿದ. ಬಾಗಿಲು ತೆಗೆದವನು ಪೋಲೆಂಡಿನಿಂದ ಕೆಲಸ ಹುಡುಕಿ ಬಂದವನು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ. ಸೋಮವಾರ, ಮಂಗಳವಾರ ಅವನಿಗೆ ರಜೆ. ಉಳಿದ ದಿನ ನಡುರಾತ್ರಿ ಮನೆಗೆ ಬಂದು, ನೆಲ ತಣ್ಣಗಿರುತ್ತದೆಂದು ದಪ್ಪ ಅಟ್ಟೆಯ ಶೂ ಹಾಕಿಕೊಂಡೇ ಅಡುಗೆ ಮಾಡಿ, ಕುರ್ಚಿ ಎಳೆದು ಕೂತು ಉಂಡು, ಮಲಗಲು ಮೂರು ಗಂಟೆ. ಚೀಟಿಯನ್ನು ಅವನು ನೋಡಿದ್ದ. ಜರ್ಮನ್ ಸರಿಯಾಗಿ ಓದಲು ಬಾರದು. ಮಾಲೀಕನ ಪರವಾಗಿ ಬಂದ ನೋಟಿಸ್ ಇರಬೇಕೆಂದು ಹೆದರಿ ಸುಮ್ಮನಾಗಿದ್ದ. "ಕೆಳಗೆ ಇಷ್ಟು ಕೇಳುತ್ತದೆಂದು ನನಗೆ ಯಾರೂ ಹೇಳಲಿಲ್ಲ" ಎಂದನಂತೆ.

ಇಬ್ಬರಿಗೂ ಅರೆಬರೆ ಬರುವ ಜರ್ಮನ್ ಭಾಷೆಯಲ್ಲಿಯೇ ಮಾತಾಯಿತು. ಹುಡುಗ ಮನೆಯಿಂದ ಬಂದಿದ್ದ ಕೋಡುಬಳೆಯ ಜೊತೆಗೆ ಕುರ್ಚಿ ಮೇಜಿನ ಕಾಲಿಗೆ ಅಂಟಿಸುವ ಉಣ್ಣೆ ಬಟ್ಟೆಯ ಬಿಲ್ಲೆಗಳ ಪೊಟ್ಟಣವನ್ನೂ ಕೊಟ್ಟುಬಂದ. ಅದಕ್ಕಾದ ಖರ್ಚು ನಾಲ್ಕು ಯೂರೋ. ಮೇಲಿನವನು ಶೂ ಬಿಟ್ಟು ಮೆತ್ತನೆಯ ಚಪ್ಪಲಿ ಹಾಕಿದ. ಮೇಜಿನ ಕೆಳಗೆ ಒಂದು ಹಳೆಯ ಜಮಖಾನ ಹಾಸಿದ.

ಸದ್ದು ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರದ ನೆಲ ಮರದ ನೆಲವೇ. ಆದರೆ ಡೊಳ್ಳಿನಂತಿದ್ದದ್ದು ಬಾಗಿಲು ತಟ್ಟಿದಷ್ಟಾಯಿತು. ಹುಡುಗ ಮಂಚವನ್ನು ಮೇಜಿನ ನೇರ ಕೆಳಗಿನಿಂದ ಎದುರು ಗೋಡೆಗೆ ಸರಿಸಿದ. ಕಿವಿಗೆ ಮೇಣದ ಬಿರಡೆ ಬಂತು. ಬರ್ಲಿನ್ನಿನ ಔಷಧ ವ್ಯಾಪಾರಿ ಮ್ಯಾಕ್ಸ್ ನೆಗ್ವರ್ 1907ರಲ್ಲಿ ಕಟ್ಟಿದ ಓರೋಪ್ಯಾಕ್ಸ್ ಉದ್ಯಮದ ಬಿರಡೆಗಳು ಇಂದಿಗೂ ಅಲ್ಲಿ ಮನೆಮಾತು. ಸಾಹಿತಿ ಕಾಫ್ಕಾ ಕೂಡ ಅವನ್ನು ಬಳಸುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, 'ಅವನು ಬೇಕೆಂದೇ ಮಾಡುತ್ತಿದ್ದಾನೆ' ಎಂಬ ಕುದಿತ ಹೋಯಿತು. "ಈಗ ಸದ್ದು ಕೇಳಿದರೆ, ಪಾಪ, ಊಟಕ್ಕೆ ಕೂತ ಅನ್ನಿಸುತ್ತದೆ ಮಾವ. ಹಾಗೇ ನಿದ್ದೆ ಬರುತ್ತದೆ" ಎಂದ.

ಆ ಸಲದ ಪರೀಕ್ಷೆಗಳಲ್ಲಿ ಒಂದು ವಿಷಯ ಹೋಯಿತು. ಮೂರು ಅವಕಾಶಗಳಲ್ಲಿ ಒಂದು ಖರ್ಚಾಯಿತು ಎಂಬ ಭಯ ಬೇಸಿಗೆಯುದ್ದಕ್ಕೂ ಇತ್ತು. ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಬರೆದು ಪಾಸಾದ. ಮೊದಲೇ ಬಾಗಿಲು ತಟ್ಟಿದ್ದರೆ ಆ ಒಂದು ವಿಷಯವೂ ಉಳಿಯುತ್ತಿತ್ತೇನೋ. 'ಹೊಂದಿಕೊಂಡು ಹೋಗು' ಎಂದ ನನ್ನ ಸಲಹೆಯ ಬೆಲೆ ಅದು.

ಹೊರಡುವ ಮುನ್ನ ತಿಳಿದಿರಲಿ

* ಕೋಣೆ ನೋಡಲು ಸಂಜೆಯೂ ಒಮ್ಮೆ ಹೋಗಿ. ಅಂತಸ್ತುಗಳ ನಡುವಿನ ನೆಲ ಮರದ್ದೋ ಕಾಂಕ್ರೀಟಿನದೋ, ಕೆಳಗೆ ಹೋಟೆಲು, ಬಾರು ಇದೆಯೋ ಕೇಳಿ.

* ಕರಾರಿನ ಜೊತೆ ಕೊಡುವ ಕಟ್ಟಡದ ನಿಯಮಾವಳಿಯನ್ನು ಸಹಿ ಹಾಕುವ ಮೊದಲೇ ಓದಿಸಿ ಅರ್ಥ ಮಾಡಿಕೊಳ್ಳಿ.

* ಹೋದ ಮೊದಲ ವಾರವೇ ಮೇಲೆ, ಕೆಳಗೆ, ಪಕ್ಕದ ಮನೆಯವರಿಗೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ಗುರುತಿನವರ ಸದ್ದು ಅಷ್ಟು ಚುಚ್ಚುವುದಿಲ್ಲ, ನಿಮ್ಮದೂ ಅವರಿಗೆ.

* ತೊಂದರೆಯಾದರೆ ಮೊದಲು ಹಗಲು ಹೊತ್ತಿನಲ್ಲಿ ಮಾತು. ಆಮೇಲೆ ಚೀಟಿ. ಆಮೇಲೆ ದಿನಚರಿಯೊಂದಿಗೆ ಮಾಲೀಕ ಅಥವಾ ವಿದ್ಯಾರ್ಥಿನಿಲಯದ ಕಚೇರಿ. ಪೊಲೀಸರು ಕೊನೆಯ ಮಾತು. ಆದರೆ ಹೊಡೆದಾಟ, ಬೆದರಿಕೆಯ ಸದ್ದು ಕೇಳಿದರೆ ಅದೇ ಮೊದಲು. ಜರ್ಮನಿಯಲ್ಲಿ ಪೊಲೀಸರ ಸಂಖ್ಯೆ 110.

* ನಿದ್ದೆಗೆಟ್ಟು ಓದು ಹಿಂದೆ ಬಿದ್ದರೆ ವಿಶ್ವವಿದ್ಯಾಲಯದ ಸಲಹಾ ಕೇಂದ್ರಕ್ಕೆ ಹೋಗಲು ನಾಚಬೇಡಿ. ಅಂಥ ಕೇಂದ್ರಗಳು ಇರುವುದೇ ವಿದ್ಯಾರ್ಥಿಗಳಿಗಾಗಿ.

* ತಂದೆತಾಯಿಯರು ಮಕ್ಕಳಿರುವ ಊರಿನ ಹೊತ್ತು ತೋರಿಸುವ ಒಂದು ಗಡಿಯಾರವನ್ನು ಮನೆಯಲ್ಲಿ ತೂಗುಹಾಕಿ.

ಈ ಕೊನೆಯ ಸಲಹೆ ನನ್ನದಲ್ಲ, ತಂಗಿಯದು. ಅವರ ಮನೆಯ ನಡುಮನೆಯಲ್ಲಿ ಈಗ ಎರಡು ಗಡಿಯಾರಗಳಿವೆ. ಫೋನಿನ ಹೊತ್ತು ರಾತ್ರಿ ಹತ್ತು ಗಂಟೆಗೆ ಬದಲಾಗಿದೆ. ಮಗನಿಗೆ ಆಗ ಸಂಜೆ. ಬೆಳಗಿನ ಜಾವ ಏಳುವ ತಂಗಿಗೆ ಹತ್ತರವರೆಗೆ ಎಚ್ಚರವಿರುವುದೇ ಕಷ್ಟ. ತೂಕಡಿಸುತ್ತ ಕಾಯುತ್ತಾಳೆ. ಭಾವನವರು ಮೆಲ್ಲಗೆ ಮಾತಾಡಲು ಕಲಿತಿದ್ದಾರೆ.

ಮೊನ್ನೆ ಅವರ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಎದ್ದು ಬಂದಾಗ ತಂಗಿ ರಂಗೋಲಿ ಮುಗಿಸಿ ಕಾಫಿ ಲೋಟ ಹಿಡಿದು ಅದೇ ಜಾಗದಲ್ಲಿ ಕುಳಿತಿದ್ದಳು. ಫೋನು ಪಕ್ಕದಲ್ಲಿತ್ತು. ಎರಡನೆಯ ಗಡಿಯಾರದ ಕಡೆ ನೋಡಿ, "ಮಲಗಿರ್ತಾನೆ, ಅಲ್ವೇನಣ್ಣ?" ಎಂದಳು. ಹೌದೆಂದೆ. ಫೋನನ್ನು ಬೋರಲಾಗಿ ಇಟ್ಟು ಕಾಫಿ ಕುಡಿದಳು.